ಜ್ವರದ ಮಾತ್ರೆಗೆ ಇಳಿಯದ ಕಾವು

ಗಂಗಾವತಿಯಲ್ಲಿ ನಾನು ಔಷಧದ ಅಂಗಡಿ ತೆರೆದು ಇಪ್ಪತ್ತೆರಡು ವರ್ಷಗಳಾದವು. ರಾತ್ರಿ ಹನ್ನೊಂದರ ಮೇಲೆ ಶಟರ್ ಬಡಿಯುವವರು ಹೆಚ್ಚಾಗಿ ಹಸುಗೂಸಿನ ತಂದೆಯೋ, ಎದೆ ಹಿಡಿದುಕೊಂಡವರ ಮನೆಯವರೋ ಆಗಿರುತ್ತಾರೆ. ಮುಖ ನೋಡಿದ ಕೂಡಲೇ ಏನು ಬೇಕಾಗಿದೆ ಎಂಬ ಅಂದಾಜು ಸಿಕ್ಕಿಬಿಡುತ್ತದೆ. 2023ರ ಏಪ್ರಿಲ್ ತಿಂಗಳ ಒಂದು ಶನಿವಾರ ರಾತ್ರಿ ಬಂದ ಹುಡುಗನನ್ನು ನೋಡಿದಾಗ ಮಾತ್ರ ನನಗೆ ಏನೂ ತಿಳಿಯಲಿಲ್ಲ. ಇಪ್ಪತ್ತರ ಆಸುಪಾಸಿನ ವಯಸ್ಸು, ಮೈಮೇಲೆ ಒಳ್ಳೆಯ ಬಟ್ಟೆ, ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಕಾಕಾ, ಜ್ವರದ ಗುಳಿಗಿ ಕೊಡ್ರಿ. ಪವರ್ ಜಾಸ್ತಿ ಇರೋದು.”

“ಯಾರಿಗೆ ತಮ್ಮಾ?”

“ನಮ್ಮ ಗೆಳೆಯಗ್ರಿ. ಕಾರಿನ್ಯಾಗ ಅದಾನ. ಮೈ ಬೆಂಕಿ ಆಗೈತಿ.”

ಪ್ಯಾರಾಸಿಟಮಾಲ್ ಪಟ್ಟಿಯನ್ನು ಕೈಗೆ ಕೊಟ್ಟೆ. ಅವನು ಅಲ್ಲಿಯೇ ನಿಂತು ಮೂರು ಮಾತ್ರೆಗಳನ್ನು ಬಿಡಿಸತೊಡಗಿದ. ಮೂರು ಯಾಕೆ ಎಂದು ಕೇಳಿದರೆ ಉತ್ತರ ಬರಲಿಲ್ಲ. ಥರ್ಮಾಮೀಟರ್ ಹಿಡಿದುಕೊಂಡು ಅವನ ಹಿಂದೆಯೇ ಹೋದೆ. ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗ ಒರಗಿದ್ದ. ಅವನ ಅಂಗಿ ಹೊಳೆಯಲ್ಲಿ ಮುಳುಗಿ ಎದ್ದವರ ಅಂಗಿಯಂತೆ ಒದ್ದೆಯಾಗಿತ್ತು. ಹಲ್ಲು ಮಸೆಯುವ ಸದ್ದು ಕಾರಿನ ಹೊರಗಿದ್ದ ನನಗೂ ಕೇಳಿಸುತ್ತಿತ್ತು. ಬೀದಿದೀಪದ ಬೆಳಕು ನೇರವಾಗಿ ಬಿದ್ದರೂ ಕಣ್ಣಿನ ಪಾಪೆ ಕುಗ್ಗುತ್ತಿರಲಿಲ್ಲ. ಕಂದು ಬಣ್ಣ ಮುಚ್ಚಿಹೋಗುವಷ್ಟು ಕಪ್ಪು ಹರಡಿಕೊಂಡಿತ್ತು. ತೊಡೆಯ ಸ್ನಾಯುಗಳು ಮುಟ್ಟಿದರೆ ಹಲಗೆಯಂತಿದ್ದವು. ಕಂಕುಳಲ್ಲಿಟ್ಟ ಥರ್ಮಾಮೀಟರ್ 105.6 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು.

ಆಗ ನಾನು ಮಾಡಬಾರದ್ದನ್ನು ಮಾಡಿದೆ. “ಕುಡಿದೀರೇನು? ನಿಮ್ಮ ಅಪ್ಪ ಅವ್ವ ಇದಕ್ಕ ಓದಸಾಕ ಕಳಿಸ್ಯಾರೇನು?” ಎಂದು ಬೈಯಲು ನಿಂತೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಊಟ ಸರಿಹೋಗಿಲ್ಲ, ಬಿಸಿಲಿನಲ್ಲಿ ಬೆಟ್ಟ ಹತ್ತಿದ್ದಕ್ಕೆ ಹೀಗಾಗಿದೆ ಎಂದು ಏನೇನೋ ಹೇಳಿದರು. ಹತ್ತು ನಿಮಿಷ ಹೀಗೆಯೇ ಹೋಯಿತು. ಕೊನೆಗೆ, “ನಾ ಪೊಲೀಸರಿಗೆ ಫೋನ್ ಮಾಡಂಗಿಲ್ಲ, ನಿಮ್ಮ ಮನಿಗೂ ಮಾಡಂಗಿಲ್ಲ. ಇವ ಏನ್ ತಗೊಂಡಾನ, ಅದಷ್ಟ ಹೇಳ್ರಿ” ಎಂದಾಗ, ಅಲ್ಲಿಯವರೆಗೆ ಬಾಯಿಬಿಡದಿದ್ದ ಮೂರನೆಯವನು ಅಳುತ್ತ ಹೇಳಿದ: “ಎಂಡಿ ರೀ. ಎರಡು ಸಲ ತಗೊಂಡಾನ್ರಿ.” ಹುಡುಗರ ಬಾಯಲ್ಲಿ ಎಂಡಿ ಎಂದರೆ ಎಂಡಿಎಂಎ, ಪಾರ್ಟಿಗಳಲ್ಲಿ ಸುತ್ತುವ ಅಮಲಿನ ವಸ್ತು.

ಇನ್ಸುಲಿನ್ ಇಡುವ ಫ್ರಿಜ್ಜಿನಲ್ಲಿದ್ದ ಐಸ್ ಪ್ಯಾಕ್‌ಗಳನ್ನೆಲ್ಲ ತಂದು ಅವನ ಕಂಕುಳಿಗೆ, ಕತ್ತಿಗೆ, ತೊಡೆಸಂದಿಗೆ ಇಟ್ಟೆವು; ಅಂಗಿ ಕಳಚಿ, ಮೈಮೇಲೆ ತಣ್ಣೀರು ಸುರಿದು, ಕಾರಿನ ನಾಲ್ಕೂ ಕಿಟಕಿ ಇಳಿಸಿ ಆಸ್ಪತ್ರೆಗೆ ಓಡಿಸಿದೆವು. ಹುಡುಗ ಬದುಕಿಕೊಂಡ. ಆದರೆ ಮರುದಿನ ಅವನ ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತು. ಅತಿಯಾದ ಶಾಖಕ್ಕೆ ಸ್ನಾಯುಗಳು ಒಡೆದು, ಅವುಗಳೊಳಗಿನ ಪದಾರ್ಥ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕಟ್ಟಿಹಾಕಿತ್ತು. ಎರಡು ಸಲ ಡಯಾಲಿಸಿಸ್ ಮಾಡಬೇಕಾಯಿತು. ಅವನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ನಾನು ಬೈಯುತ್ತ ಕಳೆದ ಆ ಹತ್ತು ನಿಮಿಷಗಳು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಅಂದು ಅವನಿಗೆ ಮೂರಲ್ಲ, ಮೂವತ್ತು ಜ್ವರದ ಮಾತ್ರೆ ನುಂಗಿಸಿದ್ದರೂ ಮೈಯ ಬಿಸಿ ಇಳಿಯುತ್ತಿರಲಿಲ್ಲ. ಯಕೃತ್ತು ಮಾತ್ರ ಹಾಳಾಗುತ್ತಿತ್ತು. ಸೋಂಕಿನಿಂದ ಜ್ವರ ಬಂದಾಗ ಮೆದುಳು ತಾನೇ ದೇಹದ ಉಷ್ಣತೆಯ ಮಟ್ಟವನ್ನು ಮೇಲಕ್ಕೆ ಏರಿಸಿಕೊಂಡಿರುತ್ತದೆ, ಪ್ಯಾರಾಸಿಟಮಾಲ್ ಆ ಮಟ್ಟವನ್ನು ಮತ್ತೆ ಕೆಳಗಿಳಿಸುತ್ತದೆ. ಎಂಡಿಎಂಎ ತೆಗೆದುಕೊಂಡವರಲ್ಲಿ ನಡೆಯುವುದು ಬೇರೆ. ಸ್ನಾಯುಗಳು ಬಿಗಿದು ಒಂದೇ ಸಮನೆ ಶಾಖ ಹುಟ್ಟಿಸುತ್ತಿರುತ್ತವೆ, ಚರ್ಮದ ರಕ್ತನಾಳಗಳು ಸಂಕುಚಿತಗೊಂಡು ಆ ಶಾಖ ಹೊರಗೆ ಹೋಗಲು ದಾರಿ ಕೊಡುವುದಿಲ್ಲ, ಮೇಲಾಗಿ ಮನುಷ್ಯನಿಗೆ ದಣಿವೇ ಗೊತ್ತಾಗದೆ ಕುಣಿಯುತ್ತಲೇ ಇರುತ್ತಾನೆ. ಒಲೆಯ ಉರಿ ಹೆಚ್ಚಾಗಿದ್ದರೆ ತಿರುಪು ತಿರುಗಿಸಿ ತಗ್ಗಿಸಬಹುದು. ತಿರುಪೇ ಕಿತ್ತುಹೋದ ಒಲೆಯ ಮುಂದೆ ನಿಂತು ತಿರುಪಿಗಾಗಿ ಕೈ ಚಾಚಿದಂತೆ ಜ್ವರದ ಮಾತ್ರೆಯ ಕಥೆ. ಹೊರಗಿನಿಂದ ತಂಪು ಮಾಡುವುದು ಮತ್ತು ಆಸ್ಪತ್ರೆಯಲ್ಲಿ ಸ್ನಾಯುಗಳ ಬಿಗಿತ ಸಡಿಲಿಸುವ ಔಷಧ ಕೊಡುವುದು, ಇವೆರಡೇ ಉಪಾಯ.

ಬಳ್ಳಾರಿ, ರಾಯಚೂರು, ಕೊಪ್ಪಳದವರಾದ ನಮಗೆ ಈ ಮಾತು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ನಮ್ಮಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ನಾವೇ ಹೇಳಿಕೊಳ್ಳುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಆನೆಗೊಂದಿ, ಸಾಣಾಪುರದ ಕಡೆಯ ಬಂಡೆಗಳು ಹಗಲಿಡೀ ಕಾದು, ರಾತ್ರಿ ಊಟದ ಹೊತ್ತು ಕಳೆದ ಮೇಲೂ ಅಂಗೈ ಇಟ್ಟರೆ ಬೆಚ್ಚಗಿರುತ್ತವೆ. ಬಿಸಿಲಿನಲ್ಲಿ ಕೆಲಸ ಮಾಡುವವರು ತಲೆಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುವುದನ್ನು, ಹೊತ್ತು ನೆತ್ತಿಗೆ ಬಂದಾಗ ಗಿಡದ ನೆರಳಿಗೆ ಸರಿಯುವುದನ್ನು, ಅಂಬಲಿ ಮಜ್ಜಿಗೆ ಕುಡಿಯುವುದನ್ನು ಯಾರೂ ಶಾಲೆಯಲ್ಲಿ ಕಲಿಯಲಿಲ್ಲ. ಬಾಯಾರಿಕೆ, ತಲೆಸುತ್ತು, ಆಯಾಸ ಎಂಬ ಎಚ್ಚರಿಕೆಗಳನ್ನು ಮೈಯೇ ಕೊಡುತ್ತದೆ, ಮೈ ಹೇಳಿದ್ದನ್ನು ನಾವು ಕೇಳುತ್ತೇವೆ. ಎಂಡಿಎಂಎ ಮೊದಲು ಬಾಯಿ ಕಟ್ಟುವುದು ಆ ಎಚ್ಚರಿಕೆಗಳದ್ದು. ತಣ್ಣನೆಯ ದೇಶದ ಕುಣಿತದ ಕೋಣೆಗಳಲ್ಲೇ ಜನರನ್ನು ಸುಟ್ಟ ಪದಾರ್ಥವನ್ನು ನಮ್ಮ ಹುಡುಗರು ನಮ್ಮ ಏಪ್ರಿಲ್‌ನಲ್ಲಿ, ನಮ್ಮ ಬಂಡೆಗಳ ನಡುವೆ, ಸ್ಪೀಕರ್ ಹಚ್ಚಿಕೊಂಡು ನುಂಗುತ್ತಾರೆಂದರೆ ನನ್ನ ಎದೆ ಝಲ್ಲೆನ್ನುತ್ತದೆ.

ಎಂಡಿಎಂಎ ಇಂದು ನಿನ್ನೆಯದಲ್ಲ. ಜರ್ಮನಿಯ ಮರ್ಕ್ ಕಂಪನಿಯ ರಸಾಯನಶಾಸ್ತ್ರಜ್ಞರು 1912ರಲ್ಲಿ, ರಕ್ತಸ್ರಾವ ನಿಲ್ಲಿಸುವ ಔಷಧವನ್ನು ಹುಡುಕುವ ಕೆಲಸದ ನಡುವೆ, ಇದನ್ನು ತಯಾರಿಸಿದರು. ಪೇಟೆಂಟ್ 1914ರಲ್ಲಿ ಸಿಕ್ಕಿತು. ಹಲವು ದಶಕ ಅದರತ್ತ ಯಾರೂ ತಿರುಗಿ ನೋಡಲಿಲ್ಲ. 1980ರ ದಶಕದಲ್ಲಿ ಅದು ಎಕ್ಸ್‌ಟಸಿ ಎಂಬ ಹೆಸರಿನಲ್ಲಿ ಪಾರ್ಟಿಗಳಿಗೆ ಕಾಲಿಟ್ಟಿತು, 1985ರಲ್ಲಿ ಅಮೆರಿಕ ಅದನ್ನು ನಿಷೇಧಿಸಿತು. ನಮ್ಮ ಎನ್‌ಡಿಪಿಎಸ್ ಕಾಯ್ದೆ, ಎಂದರೆ ಮಾದಕ ವಸ್ತುಗಳ ವಿರುದ್ಧದ ಕಾನೂನು, ಬಂದದ್ದೂ ಅದೇ ವರ್ಷ.

ಹುಡುಗರು ಇದನ್ನು ಯಾಕೆ ತೆಗೆದುಕೊಳ್ಳುತ್ತಾರೆ ಎಂಬುದನ್ನು ಮುಚ್ಚಿಟ್ಟು ಅಪಾಯವನ್ನಷ್ಟೇ ಹೇಳುವವರ ಮಾತನ್ನು ಅವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ನುಂಗಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮೆದುಳಿನಲ್ಲಿ ಕೂಡಿಟ್ಟಿದ್ದ, ಮನಸ್ಸನ್ನು ಹದದಲ್ಲಿಡುವ ಸೆರೊಟೋನಿನ್ ಎಂಬ ರಾಸಾಯನಿಕ ಒಮ್ಮೆಲೇ ಹೊರಗೆ ಸುರಿಯುತ್ತದೆ. ಅದರೊಂದಿಗೆ ಡೋಪಮಿನ್, ನಾರ್‌ಅಡ್ರಿನಾಲಿನ್ ಕೂಡ. ಸಂಕೋಚ ಕರಗುತ್ತದೆ, ಎದುರಿಗಿದ್ದವರೆಲ್ಲ ಹತ್ತಿರದವರೆನಿಸುತ್ತಾರೆ, ಹಾಡು ಮೈಯೊಳಗೆ ಹರಿದಂತಾಗುತ್ತದೆ. ಹೆಣ್ಣುಮಕ್ಕಳ ಎದುರು ಎರಡು ಮಾತಾಡಲು ನಾಲಗೆ ಏಳದ, ಮನೆಯಲ್ಲಿ ಅಪ್ಪನ ಮುಂದೆ ಕುರ್ಚಿಯ ಮೇಲೆ ಕೂರದ ನಮ್ಮ ಕಡೆಯ ಹುಡುಗನಿಗೆ ಆ ಮೂರ್ನಾಲ್ಕು ಗಂಟೆ ಎಷ್ಟು ದೊಡ್ಡ ಬಿಡುಗಡೆ ಅನ್ನಿಸಬಹುದು ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ಆ ಸಂತೋಷ ಹೊರಗಿನಿಂದ ಬಂದದ್ದಲ್ಲ, ಮುಂದಿನ ದಿನಗಳಿಗೆಂದು ಮೆದುಳು ಕೂಡಿಟ್ಟುಕೊಂಡದ್ದು. ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ಬರುವ ಖಿನ್ನತೆ, ಸಿಡಿಮಿಡಿ, ನಿದ್ದೆಗೇಡು ಆ ಖಾಲಿಯಾದ ಕಣಜದ ಲೆಕ್ಕ. ಶನಿವಾರದ ರಾತ್ರಿಯ ಸಾಲವನ್ನು ಮಂಗಳವಾರ ತೀರಿಸಬೇಕಾಗುತ್ತದೆ. ಮಂಗಳವಾರದ ಅಳುವಿಗೂ ಶನಿವಾರದ ಮಾತ್ರೆಗೂ ಸಂಬಂಧವಿದೆ ಎಂಬುದು ಮನೆಯವರಿಗಿರಲಿ, ಎಷ್ಟೋ ಸಲ ಆ ಹುಡುಗನಿಗೇ ಗೊತ್ತಿರುವುದಿಲ್ಲ. ಮೊದಲೇ ಮನಸ್ಸು ಕುಗ್ಗಿದವರಿಗೆ ಆ ದಿನಗಳು ತುಂಬ ಅಪಾಯದ ದಿನಗಳು.

“ಎರಡು ಸಲ ತಗೊಂಡಾನ್ರಿ” ಎಂಬ ಮಾತಿನಲ್ಲಿ ಇನ್ನೊಂದು ವಿಷಯ ಅಡಗಿದೆ. ಎಂಡಿಎಂಎಯನ್ನು ಅರಗಿಸುವ ಯಕೃತ್ತಿನ ಕಿಣ್ವವನ್ನು ಎಂಡಿಎಂಎಯೇ ಕಟ್ಟಿಹಾಕುತ್ತದೆ. ಆದ್ದರಿಂದ ಎರಡನೆಯ ಸಲ ತೆಗೆದುಕೊಂಡದ್ದು ಮೊದಲಿನದಕ್ಕೆ ಸುಮ್ಮನೆ ಕೂಡಿಕೊಳ್ಳುವುದಿಲ್ಲ; ರಕ್ತದಲ್ಲಿ ಅದರ ಮಟ್ಟ ಲೆಕ್ಕಕ್ಕಿಂತ ಹೆಚ್ಚು ಏರುತ್ತದೆ. ಮೊದಲನೆಯದು ಹತ್ತಲಿಲ್ಲ ಎಂದು ಅವಸರಪಟ್ಟು ಇನ್ನೊಂದು ನುಂಗುವ ಚಾಳಿ ಅದಕ್ಕೇ ಅಷ್ಟು ಕೆಟ್ಟದ್ದು. ಎಕ್ಸ್‌ಟಸಿ ಎಂದು ಮಾರುವ ಮಾತ್ರೆಗಳಲ್ಲಿ ಕೆಲವೊಮ್ಮೆ ಪಿಎಂಎ ಎಂಬ ಬೇರೆಯದೇ ವಸ್ತು ಇರುತ್ತದೆ. ಅದು ನಿಧಾನವಾಗಿ ಹತ್ತುತ್ತದೆ, ಸಂತೋಷ ಕಡಿಮೆ, ಮೈಯ ಕಾವು ಏರಿಸುವುದು ಮಾತ್ರ ಹೆಚ್ಚು. ಹತ್ತಲಿಲ್ಲವೆಂದು ಎರಡನೆಯದನ್ನು ನುಂಗಿದವರನ್ನು ಬೇರೆ ದೇಶಗಳಲ್ಲಿ ಹಲವು ಸಲ ಕೊಂದದ್ದು ಇದೇ ಪಿಎಂಎ.

ನೀರಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಆ ರಾತ್ರಿ ಕಾರಿನಲ್ಲಿ ಖಾಲಿ ಬಾಟಲಿಗಳ ರಾಶಿಯಿತ್ತು. ನೀರು ಕುಡಿಸುತ್ತಲೇ ಇರಬೇಕೆಂದು ಯಾರೋ ಅವರಿಗೆ ಹೇಳಿದ್ದರಂತೆ. 1995ರಲ್ಲಿ ಇಂಗ್ಲೆಂಡಿನ ಒಬ್ಬಳು ಹುಡುಗಿ ತನ್ನ 18ನೆಯ ಹುಟ್ಟುಹಬ್ಬದ ಪಾರ್ಟಿಯಲ್ಲಿ ಒಂದು ಮಾತ್ರೆ ತೆಗೆದುಕೊಂಡು, ಒಂದೂವರೆ ಗಂಟೆಯಲ್ಲಿ ಸುಮಾರು 7 ಲೀಟರ್ ನೀರು ಕುಡಿದಳು. ರಕ್ತದಲ್ಲಿನ ಉಪ್ಪಿನಂಶ ತಳಕಚ್ಚಿ, ಮೆದುಳು ಬಾತು ತೀರಿಕೊಂಡಳು. ಎಂಡಿಎಂಎ ಮೂತ್ರವನ್ನು ತಡೆಹಿಡಿಯುವ ಹಾರ್ಮೋನನ್ನು ಹೆಚ್ಚಿಸುವುದರಿಂದ ಕುಡಿದ ನೀರು ಹೊರಗೆ ಹೋಗುವುದಿಲ್ಲ. ನೀರು ಕುಡಿಯದಿದ್ದರೂ ಅಪಾಯ, ಮಿತಿ ಮೀರಿದರೂ ಅಪಾಯ. ಕುಣಿದು ಬೆವರಿದವರಿಗೂ ಗಂಟೆಗೆ ಸುಮಾರು ಅರ್ಧ ಲೀಟರ್, ಅದೂ ಗುಟುಕು ಗುಟುಕಾಗಿ, ಸಾಕು. ತಲೆನೋವು, ವಾಂತಿ, ತಬ್ಬಿಬ್ಬು, ಫಿಟ್ಸ್ ಕಾಣಿಸಿಕೊಂಡರೆ ಇನ್ನಷ್ಟು ನೀರು ಕುಡಿಸುತ್ತ ಕೂರಬಾರದು. ನಿಂಬೆಹುಳಿ, ಹುಣಸೆನೀರು, ಮಜ್ಜಿಗೆ ಕುಡಿಸಿ ನಶೆ ಇಳಿಸುವುದು ನಮ್ಮಲ್ಲಿ ಹಳೆಯ ರೂಢಿ. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ಇವುಗಳಲ್ಲಿ ಯಾವುದನ್ನು ಹಾಕಿದರೂ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಇನ್ನು ಆ ಹುಡುಗ ತೆಗೆದುಕೊಂಡದ್ದರಲ್ಲಿ ಏನಿತ್ತು? “ಎಂಡಿ” ಎಂಬ ಹೆಸರನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಎಂಡಿಎಂಎಗೂ ಅದೇ ಹೆಸರು, ಮುಂಬೈ ಕಡೆಯಿಂದ ಬರುವ ಮೆಫೆಡ್ರೋನ್‌ಗೂ ಅದೇ ಹೆಸರು. ಮೆಫೆಡ್ರೋನ್‌ನ ಅಮಲು ಬೇಗ ಇಳಿಯುತ್ತದೆ, ಇಳಿದ ಕೂಡಲೇ ಮತ್ತೆ ಬೇಕೆನಿಸುತ್ತದೆ, ರಾತ್ರಿಯಿಡೀ ಕೈ ಪೊಟ್ಟಣದ ಕಡೆಗೇ ಹೋಗುತ್ತಿರುತ್ತದೆ. ಎರಡು ಬೇರೆ ವಸ್ತುಗಳು, ಎರಡು ಬೇರೆ ಪ್ರಮಾಣ, ಒಂದೇ ಹೆಸರು. ನನ್ನ ಅಂಗಡಿಯಲ್ಲಿ ಆತಂಕ ಇಳಿಸುವ ಒಂದು ಅಲ್ಪ್ರಜೋಲಾಮ್ ಅಥವಾ ನೋವಿನ ಟ್ರಮಡಾಲ್ ಮಾತ್ರೆ ಕೊಡಬೇಕಾದರೂ ಚೀಟಿ ನೋಡಿ, ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಕಾಪಾಡಿಡಬೇಕು. ಮಾತ್ರೆಯ ಹಿಂದೆ ಬ್ಯಾಚ್ ನಂಬರ್ ಇರುತ್ತದೆ, ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ. ಒಂದು ಅಕ್ಷರವೂ ಇಲ್ಲದ ಪ್ಲಾಸ್ಟಿಕ್ ಪೊಟ್ಟಣವನ್ನು, ಫೋನಿನಲ್ಲಿ ಮಾತ್ರ ಪರಿಚಯವಿರುವ ಒಬ್ಬನಿಂದ ಕೊಂಡು, ಅಳತೆಯಿಲ್ಲದೆ ಬೆರಳಿಗೆ ಹಚ್ಚಿಕೊಂಡು ನೆಕ್ಕುವುದನ್ನು ನೆನೆದರೆ ವೃತ್ತಿಯಿಂದ ಔಷಧದವನಾದ ನನಗೆ ಮೈ ನಡುಗುತ್ತದೆ.

ಇಲ್ಲಿ ರಾಯಚೂರಿನ ಸೇಂದಿಯನ್ನು ನೆನೆಯದೆ ಮುಂದೆ ಹೋಗಲಾರೆ. ಡ್ರಗ್ಸ್ ಎಂದರೆ ಬೆಂಗಳೂರಿನದು, ಗೋವಾದ್ದು, ಪರದೇಶದವರು ಹೊತ್ತು ತಂದದ್ದು ಎಂದು ನಮ್ಮ ಊರುಗಳಲ್ಲಿ ಹೇಳುವವರು ಬಹಳ. ಹಂಪಿಯ ಹೊಳೆಯಾಚೆಗಿನ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನಂತೆ 2020ರ ಮಾರ್ಚ್‌ನಲ್ಲಿ ಕೆಡವಿದಾಗ, ಆ ತೀರ್ಪು ಹಂಪಿಯ ಪಾರಂಪರಿಕ ಪ್ರದೇಶದಲ್ಲಿನ ಅಕ್ರಮ ಕಟ್ಟಡಗಳಿಗೆ ಸಂಬಂಧಪಟ್ಟದ್ದಾಗಿದ್ದರೂ, “ಇನ್ನು ನಶೆಯ ಕಾಟ ತಪ್ಪಿತು” ಎಂದು ನೆಮ್ಮದಿಯ ಉಸಿರುಬಿಟ್ಟವರಿದ್ದರು. ಆದರೆ ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಸಿಎಚ್ ಪೌಡರ್ ಎಂಬ ಮಾತನ್ನು ಕೇಳದವರು ಯಾರಿದ್ದಾರೆ? ಸಿಎಚ್ ಎಂದರೆ ಕ್ಲೋರಲ್ ಹೈಡ್ರೇಟ್, 1869ರಿಂದ ನಿದ್ದೆಯ ಔಷಧವಾಗಿ ಬಳಕೆಗೆ ಬಂದ ರಾಸಾಯನಿಕ. ಮರದಿಂದ ಇಳಿಸಿದ ಹೆಂಡವೇ ಇಲ್ಲದೆ, ನೀರಿಗೆ ಆ ಪುಡಿ, ಸ್ಯಾಕರಿನ್, ಬಿಳಿ ಬಣ್ಣ ಕಲಸಿ ಸೇಂದಿ ಎಂದು ಮಾರುತ್ತ ಬಂದಿದ್ದಾರೆ. ಕೂಲಿ ಮುಗಿಸಿ ಬಂದ ಗಂಡಸರು, ಹೆಂಗಸರು ಅದನ್ನು ಕುಡಿಯುತ್ತಾರೆ. ಕುಡಿಯುವುದನ್ನು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗಿ, ಫಿಟ್ಸ್ ಬಂದು, ಇಲ್ಲದ್ದನ್ನು ಕಂಡಂತೆ ಬಡಬಡಿಸುತ್ತಾರೆ. ಹಾಗಾಗಿ ಅದನ್ನು ವೈದ್ಯರ ಕೈಯಲ್ಲಿ ಹಂತಹಂತವಾಗಿ ಬಿಡಿಸಬೇಕಾಗುತ್ತದೆ. ಹೆಸರು ಒಂದು, ಒಳಗಿರುವ ಸರಕು ಇನ್ನೊಂದು ಎಂಬ ವ್ಯಾಪಾರ ನಮ್ಮ ಅಜ್ಜ ಅಜ್ಜಿಯರ ಕಾಲದಿಂದಲೇ ನಮ್ಮ ಅಂಗಳದಲ್ಲಿದೆ. ಮೊಮ್ಮಗನ ಕೈಯಲ್ಲಿರುವ ಪೊಟ್ಟಣ ಅದರ ಇನ್ನೊಂದು ರೂಪ ಎಂದು ಒಪ್ಪಿಕೊಂಡರೆ, ಪರದೇಶದವರನ್ನು ಬೈಯುವ ಶ್ರಮ ಉಳಿಯುತ್ತದೆ. ಕಲ್ಲು, ಹೊಳೆ, ಗದ್ದೆ ನೋಡಲು ಬರುವ ಪ್ರವಾಸಿಗರಲ್ಲಿ ಬಹುಪಾಲು ಜನ ನನ್ನ ಅಂಗಡಿಯಲ್ಲಿ ಕೇಳುವುದು ಓಆರ್‌ಎಸ್, ಸೊಳ್ಳೆಯ ಮುಲಾಮು ಮತ್ತು ಹೊಟ್ಟೆನೋವಿನ ಮಾತ್ರೆ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಎಂಡಿಎಂಎಯಂಥ ಉತ್ತೇಜಕಗಳನ್ನು ಬಳಸುವವರು ಶೇ 0.18, ಕೊಕೇನ್ ಶೇ 0.10, ಮದ್ಯ ಶೇ 14.6 ಎಂದಿದೆ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿಯಿದೆ: ಮೂಸುವ ವಸ್ತುಗಳ ಬಳಕೆ ದೊಡ್ಡವರಲ್ಲಿ ಶೇ 0.58 ಇದ್ದರೆ ಹತ್ತರಿಂದ ಹದಿನೇಳು ವಯಸ್ಸಿನ ಮಕ್ಕಳಲ್ಲಿ ಶೇ 1.17. ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿರುವ ಏಕೈಕ ನಶೆ ಅದು. ಪಂಕ್ಚರ್ ಅಂಗಡಿಯ ಸೊಲ್ಯೂಷನ್, ವೈಟ್ನರ್ ಮೂಸುವ ಹುಡುಗನಿಗೆ ಪಾರ್ಟಿಯೂ ಇಲ್ಲ, ಸ್ಪೀಕರೂ ಇಲ್ಲ, ಪತ್ರಿಕೆಯಲ್ಲಿ ಸುದ್ದಿಯೂ ಇಲ್ಲ. ಅವನ ಬಗ್ಗೆ ಬೇರೆಯೇ ಬರೆಯಬೇಕು.

ಎಂಡಿಯೊಂದಿಗೆ ಅದೇ ಪಾರ್ಟಿಗಳಲ್ಲಿ ಸುತ್ತುವ ಉಳಿದವುಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. “ಪೇಪರ್” ಅಥವಾ “ಸ್ಟ್ಯಾಂಪ್” ಎನ್ನುವ, ಇಲ್ಲದ್ದನ್ನು ಕಾಣಿಸುವ ಎಲ್‌ಎಸ್‌ಡಿಯ ಅಮಲು ಎಂಟರಿಂದ ಹನ್ನೆರಡು ಗಂಟೆ ಇರುತ್ತದೆ; ಹೆದರಿಕೆ ಹತ್ತಿದರೆ ನಡುವೆ ಇಳಿದು ಹೋಗಲು ನಿಲ್ದಾಣವಿಲ್ಲ, ಮನೆತನದಲ್ಲಿ ತೀವ್ರ ಮಾನಸಿಕ ಕಾಯಿಲೆ ಇದ್ದವರಿಗಂತೂ ಆ ಕಾಯಿಲೆ ಕೆರಳಲು ಒಂದು ಸಲವೇ ಸಾಕಾಗಬಹುದು. ಬಂಡೆಯ ತುದಿಯಲ್ಲಿ, ಹೊಳೆಯ ಸುಳಿಯ ಪಕ್ಕದಲ್ಲಿ ಕುಳಿತು ಅದನ್ನು ನಾಲಗೆಗೆ ಇಟ್ಟುಕೊಳ್ಳುವವರ ಬಗ್ಗೆ ಹೇಳುವುದೇನು! ತುಂಗಭದ್ರೆಯಲ್ಲಿ ಮೈಮೇಲೆ ಎಚ್ಚರವಿದ್ದವರೇ ಕೊಚ್ಚಿಹೋಗುತ್ತಾರೆ. ಕೆಟಮೀನ್ ಅರಿವಳಿಕೆಯ ಔಷಧ, ಆಪರೇಷನ್ ಕೋಣೆಯಲ್ಲಿ ಅದು ಜೀವ ಉಳಿಸುತ್ತದೆ. ತಿಂಗಳುಗಟ್ಟಲೆ ಮೂಗಿಗೇರಿಸಿದರೆ ಮೂತ್ರಕೋಶದ ಒಳಪದರ ಹುಣ್ಣಾಗಿ, ಇಪ್ಪತ್ತೈದರ ಯುವಕ ಅರ್ಧ ಗಂಟೆಗೊಮ್ಮೆ ರಕ್ತ ಬೆರೆತ ಮೂತ್ರಕ್ಕೆ ಓಡುವಂತಾಗುತ್ತದೆ. ಕೊಕೇನ್ ಜೊತೆ ಮದ್ಯ ಸೇರಿದರೆ ಯಕೃತ್ತಿನಲ್ಲಿ ಕೊಕಾಎಥಿಲೀನ್ ಎಂಬ ಮೂರನೆಯ ವಸ್ತು ಹುಟ್ಟಿ ಹೃದಯದ ಮೇಲಿನ ಹೊರೆಯನ್ನು ಹೆಚ್ಚಿಸುತ್ತದೆ. ನಿದ್ದೆ ಮಾತ್ರೆಯ ಮೇಲೆ ಮದ್ಯ ಕುಡಿದವನು ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, “ಮಲಗ್ಲಿ ಬಿಡು, ಮುಂಜಾನೆಗೆ ಸರಿ ಹೊಂದ್ತಾನ” ಎಂದು ಗೆಳೆಯರು ಹೊದಿಕೆ ಹೊದಿಸುತ್ತಾರೆ. ಉಸಿರು ಕಟ್ಟುವ ಮುಂಚಿನ ಸದ್ದೂ ಗೊರಕೆಯಂತೆಯೇ ಇರುತ್ತದೆ. ಅವನನ್ನು ಮಗ್ಗುಲಾಗಿ ಮಲಗಿಸಿ, ಅಲುಗಿಸಿದರೂ ಏಳದಿದ್ದರೆ ಆ ಕ್ಷಣವೇ 108ಕ್ಕೆ ಕರೆ ಮಾಡಬೇಕು.

ಔಷಧದವನಾಗಿ ಇನ್ನೊಂದು ಮಾತು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು, ನೋವಿಗೆಂದು ಟ್ರಮಡಾಲ್ ನುಂಗಿದವರು ಅದರ ಮೇಲೆ ಎಂಡಿಎಂಎ ತೆಗೆದುಕೊಂಡರೆ ಸೆರೊಟೋನಿನ್ ಅತಿಯಾಗಿ ಮೈ ಬಿಗಿದು, ನಡುಗಿ, ಕಾವು ಏರಿ ಪ್ರಾಣಕ್ಕೇ ಸಂಚಕಾರ ಬರಬಹುದು. ಟ್ರಮಡಾಲ್ 2018ರಿಂದ ಎನ್‌ಡಿಪಿಎಸ್ ಕಾಯ್ದೆಯಡಿಯಲ್ಲಿದೆ. ಚೀಟಿ ಇಲ್ಲದೆ ಅದನ್ನು ಕೇಳಿಕೊಂಡು ಬರುವ ಹುಡುಗರನ್ನು ನಾನು ಮೊದಲು ಗದರಿಸಿ ಓಡಿಸುತ್ತಿದ್ದೆ. ಈಗ ಮಾತ್ರೆ ಕೊಡುವುದಿಲ್ಲ, ಆದರೆ ಸ್ಟೂಲು ಕೊಟ್ಟು ಕೂರಿಸಿ ಯಾಕೆ ಬೇಕು ಎಂದು ಕೇಳುತ್ತೇನೆ. ಕೆಲವರು ಹೇಳುತ್ತಾರೆ.

ಕಾರಿನಲ್ಲಿದ್ದ ಆ ಹುಡುಗರು ಮೊದಲು ಆಸ್ಪತ್ರೆಗೆ ಹೋಗದೆ ಔಷಧದ ಅಂಗಡಿಗೆ ಬಂದದ್ದು ಯಾಕೆ ಎಂದು ಆಮೇಲೆ ಕೇಳಿದೆ. ಆಸ್ಪತ್ರೆಯಲ್ಲಿ ಪೊಲೀಸರು ಬರುತ್ತಾರೆ, ಎಲ್ಲರಿಗೂ ಹತ್ತು ವರ್ಷ ಜೈಲು ಎಂದು ಅವರ ನಂಬಿಕೆಯಾಗಿತ್ತು. ಒಂದು ಗಂಟೆಗೂ ಹೆಚ್ಚು ಕಾಲ ಅವನನ್ನು ಕಾರಿನಲ್ಲಿಟ್ಟುಕೊಂಡು ಊರೂರು ಸುತ್ತಿದ್ದರಂತೆ. ಹತ್ತು ವರ್ಷ ಎಂಬುದು ಸುಳ್ಳಲ್ಲ, ಆದರೆ ಅದು ಬೇರೆಯವರಿಗೆ. ಎಂಡಿಎಂಎ ಸೇವಿಸಿದ್ದಕ್ಕೆ ಕಾಯ್ದೆಯ 27ನೆಯ ಕಲಂ ಹೇಳುವುದು 6 ತಿಂಗಳವರೆಗಿನ ಸಜೆ, ಅಥವಾ 10,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಕೊಕೇನ್, ಹೆರಾಯಿನ್‌ಗಳಿಗೆ 1 ವರ್ಷದವರೆಗಿನ ಸಜೆ, ಅಥವಾ 20,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ವ್ಯಸನಿಯಾದವನು ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಪ್ಪಿಕೊಂಡರೆ ಸೇವನೆಯ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಎಂಬ ಕಲಮೂ ಅದೇ ಕಾಯ್ದೆಯಲ್ಲಿದೆ. ಹತ್ತು ವರ್ಷದ ಕನಿಷ್ಠ ಶಿಕ್ಷೆ ಇರುವುದು ವಾಣಿಜ್ಯ ಪ್ರಮಾಣದ ಸರಕು ಸಿಕ್ಕವರಿಗೆ: ಎಂಡಿಎಂಎ ಆದರೆ 10 ಗ್ರಾಂ, ಎಲ್‌ಎಸ್‌ಡಿ ಆದರೆ ಒಂದು ಗ್ರಾಮಿನ ಹತ್ತನೆಯ ಒಂದು ಭಾಗ. ಬೆರಕೆ ವಸ್ತುವಿನ ತೂಕವನ್ನೂ ಸೇರಿಸಿಯೇ ಲೆಕ್ಕ ಹಿಡಿಯಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಗೆಳೆಯರೆಲ್ಲರ ದುಡ್ಡು ಕೂಡಿಸಿ ಎಲ್ಲರ ಪಾಲನ್ನೂ ತಾನೇ ತಂದುಕೊಡುವ ಉತ್ಸಾಹಿ ಹುಡುಗ ಎಂಥ ಅಪಾಯಕ್ಕೆ ಮೈ ಒಡ್ಡುತ್ತಿದ್ದಾನೆ ಎಂಬುದನ್ನು ಅವನ ಕಿವಿಗೆ ಮುಟ್ಟಿಸಬೇಕು. ಆದರೆ ಸೀಟಿನಲ್ಲಿ ಬೇಯುತ್ತಿರುವ ಗೆಳೆಯನನ್ನು ಆಸ್ಪತ್ರೆಗೆ ಒಯ್ಯಲು ಹೆದರುವಂತೆ ಮಾಡುವ ಭಯವನ್ನು ಹರಡಿದವರು ನಾವು, ದೊಡ್ಡವರು. ಶಾಲೆಗೆ ಬಂದು ಭಾಷಣ ಮಾಡುವವರು ಜೈಲಿನ ಚಿತ್ರ ತೋರಿಸಿ ಹೋಗುತ್ತಾರೆ. ಗೆಳೆಯನಿಗೆ ಹೀಗಾದರೆ ಮೊದಲು ಏನು ಮಾಡಬೇಕೆಂದು ಹೇಳಿಕೊಟ್ಟವರನ್ನು ನಾನು ಕಾಣಲಿಲ್ಲ.

ಬಳ್ಳಾರಿಯಲ್ಲಿ ಓದುವ ನನ್ನ ಮಗಳಿಗೆ ಆ ಘಟನೆಯಾದ ವಾರವೇ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ನೀನು ತೆಗೆದುಕೊಳ್ಳಬೇಡ ಎಂದೂ ಹೇಳಿದೆ, ಅದು ತಂದೆಯ ಮಾತು. ಅದರ ಬೆನ್ನಿಗೇ, ನಿನಗೇ ಆಗಲಿ, ನಿನ್ನ ಗೆಳತಿಗೇ ಆಗಲಿ, ಎಂಥ ಸರಿರಾತ್ರಿಯಾದರೂ ನನಗೆ ಫೋನ್ ಮಾಡು, ಆವತ್ತು ನಾನು ಬೈಯುವುದಿಲ್ಲ, ಮರುದಿನವೂ ಬೈಯುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾ, ಖರೇನ ಬೈಯಂಗಿಲ್ಲೇನು?” ಎಂದು ಕೇಳಿದಳು. ಆ ಪ್ರಶ್ನೆ ನನಗೆ ಬಹಳ ನಾಟಿತು.

ಆಸ್ಪತ್ರೆಯಿಂದ ಬಿಡುಗಡೆಯಾಗಿ ಮೂರು ವಾರಗಳ ಮೇಲೆ ಆ ಹುಡುಗನ ತಾಯಿ ಚೀಟಿ ಹಿಡಿದು ಅಂಗಡಿಗೆ ಬಂದರು. ನಾನು ಯಾರೆಂದು ಅವರಿಗೆ ಗೊತ್ತಿತ್ತು. ಮಾತ್ರೆಗಳನ್ನು ಕವರಿಗೆ ಹಾಕುತ್ತಿದ್ದಾಗ ತಗ್ಗಿದ ದನಿಯಲ್ಲಿ, “ಅಣ್ಣಾರ, ಗ್ವಾಡಿ ಕಡೆ ಮಾರಿ ಮಾಡಿ ಮಲಗತಾನ್ರಿ. ಯಾರ ಕೂಡನೂ ಮಾತಿಲ್ಲ. ಅವರಪ್ಪ ಅಂತೂ ಮಾತು ಬಿಟ್ಟಾರ” ಎಂದರು. ಗಿರಾಕಿಗಳು ಇದ್ದರು, ಅವರನ್ನು ಒಳಗೆ ಕೂರಿಸಿ, ಮೆದುಳು ಕೂಡಿಟ್ಟದ್ದು ಖಾಲಿಯಾದ ಮೇಲೆ ಮನಸ್ಸು ಹೇಗೆ ಕುಸಿಯುತ್ತದೆ, ಅದು ಬರೀ ಹಟವಲ್ಲ, ಇಷ್ಟು ದಿನವಾದರೂ ಏಳದಿದ್ದರೆ ತಜ್ಞರಿಗೆ ತೋರಿಸಲೇಬೇಕು ಎಂಬುದನ್ನು ನನಗೆ ತಿಳಿದಷ್ಟು ಹೇಳಿದೆ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ವರೆಗೆ ಕೂಡಲೇ ಹೋಗಲಾಗದಿದ್ದರೂ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಗೆ ಈಗಿಂದೀಗಲೇ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲಿಯೇ ಮಾತನಾಡುತ್ತಾರೆ ಎಂದು 14416 ಸಂಖ್ಯೆಯನ್ನು, ವ್ಯಸನಮುಕ್ತಿಯ 14446ನ್ನು ಔಷಧದ ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಅವರು ಬಹಳ ಹೊತ್ತು ಆ ಅಂಕಿಗಳನ್ನೇ ನೋಡುತ್ತಿದ್ದು, ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡು, ಫೋನನ್ನು ನನ್ನ ಕೈಗೇ ಕೊಟ್ಟರು.

“ನೀವ ಹಚ್ಚಿಕೊಡ್ರಿ ಅಣ್ಣಾರ. ಅವರು ಎತ್ತಿದ ಕೂಡಲೇ ನಾ ಮೊದಲು ಏನ್ ಹೇಳ್ಬೇಕ್ರಿ?”

“ಏನ್ ತಗೊಂಡಿದ್ದ ಅನ್ನೋದನ್ನ ಹೇಳ್ರಿ ತಾಯಿ,” ಎಂದು ಸಂಖ್ಯೆ ಒತ್ತಿ ಫೋನನ್ನು ಅವರ ಕಿವಿಗೆ ಹಿಡಿದೆ.